ನೂರಕ್ಕೆ ನೂರು ಸ್ವಂತ, ಪದಕ್ಕೆ 15 ಪೈಸೆ

ಕಾಸರಗೋಡಿನ ಬದಿಯಡ್ಕದ ಕಡೆಯ ಹುಡುಗನೊಬ್ಬ ಕನ್ನಡ ಎಂ.ಎ. ಮುಗಿಸಿ, ಗಡಿನಾಡಿನಲ್ಲಿ ಆ ಪದವಿಗೆ ಒದಗಬಹುದಾದ ಕೆಲಸಗಳನ್ನೆಲ್ಲ ಸಾಕಷ್ಟು ಕಾದು, ಕೊನೆಗೆ ಆನ್‌ಲೈನ್ ಲೇಖನ ಸಂತೆಗೆ ಇಳಿದಿದ್ದಾನೆ. ಪದಕ್ಕೆ 15 ಪೈಸೆ. ಸಾವಿರ ಪದ ಬರೆದರೆ 150 ರೂಪಾಯಿ, ಅದರಲ್ಲಿ ಸಂತೆಯವರ ಪಾಲು ಶೇ. 20. ಇದರಲ್ಲಿ ತಪ್ಪು ಹುಡುಕಬೇಡಿ. 2010ರಲ್ಲಿ ಐದೈದು ಡಾಲರಿನ ಕೆಲಸಗಳ ಅಂಗಡಿ ತೆರೆದ ಫೈವರ್ ಕೂಡ ಬರೆದವನ ದುಡ್ಡಿನಲ್ಲಿ ಅಷ್ಟನ್ನೇ ಮುರಿದುಕೊಳ್ಳುತ್ತದೆ. ಸುಲಿಗೆಯಲ್ಲಿ ನಾವು ಜಾಗತಿಕ ಮಟ್ಟ ಮುಟ್ಟಿದ್ದೇವೆ.

ಸಂತೆಗೆ ಸೇರುವಾಗ ಒಂದು ತಮಾಷೆ ನಡೆಯಿತು. ಅರ್ಜಿಯಲ್ಲಿ ರಾಜ್ಯ ‘ಕೇರಳ’ ಎಂದು ಒತ್ತಿದ್ದೇ ತಡ, ಮಾತೃಭಾಷೆಯ ಜಾಗದಲ್ಲಿ ‘ಮಲಯಾಳಂ’ ತಾನಾಗಿ ಬಂದು ಕೂತಿತು. ಕನ್ನಡ ಲೇಖನ ಬರೆಯಲು ಕನ್ನಡ ಮಾತೃಭಾಷೆಯವರೇ ಬೇಕು. ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಇಂದಿಗೂ ಕಾಗದದಲ್ಲೇ ಉಂಟು. ಹುಡುಗ ಮಾತ್ರ ಹಿಂದೆ ಹೋಗಿ ‘ಕರ್ನಾಟಕ’ ಎಂದು ಒತ್ತಿ, ಬದಿಯಡ್ಕವನ್ನು ಅರೆಗಳಿಗೆಯಲ್ಲಿ ವಿಲೀನಗೊಳಿಸಿದ. ಯಾರೂ ಧರಣಿ ಕೂರಲಿಲ್ಲ.

ಪದಕ್ಕೆ ದರವೆಂದರೆ ಕನ್ನಡದಲ್ಲಿ ಸಂಧಿ ಮಾಡಿದವನಿಗೆ ದಂಡ. ‘ಹೋಗಬೇಕಾಗಿದೆ’ ಎಂದರೆ 15 ಪೈಸೆ, ‘ಹೋಗ ಬೇಕು ಆಗಿ ಇದೆ’ ಎಂದರೆ 60 ಪೈಸೆ. ಎಂ.ಎ.ಯಲ್ಲಿ ಕಲಿತ ವ್ಯಾಕರಣ ಹೀಗೆ ಬಿಡಿಸಿ ಮಾರಲಿಕ್ಕಾದರೂ ಉಪಯೋಗಕ್ಕೆ ಬಂತು.

ಅವನ ಅಮ್ಮ ಬೀಡಿ ಕಟ್ಟುವವರು. ಅವರ ಲೆಕ್ಕವೂ ಸಾವಿರಕ್ಕೇ. ಆದರೆ 1966ರ ಬೀಡಿ ಕಾರ್ಮಿಕರ ಕಾಯ್ದೆಯ ನಿಯಮಗಳಲ್ಲಿ, ಸರಿಯಿಲ್ಲವೆಂದು ಬೀಡಿಯನ್ನು ಎಷ್ಟರ ಮಟ್ಟಿಗೆ ತಳ್ಳಿಹಾಕಬಹುದು ಎಂಬುದಕ್ಕೂ ಮಿತಿಯಿದೆ. ಮಗನ ಲೇಖನವನ್ನು ಇಡಿಯಾಗಿ ತಳ್ಳಬಹುದು, ಕಾರಣ ಹೇಳಬೇಕಾಗಿಲ್ಲ.

“ನಿಂಗೆ ಪಿ.ಎಫ್. ಉಂಟಾ ಮಗಾ?” ಎಂದು ಅಮ್ಮ ಕೇಳಿದರಂತೆ.

“ಇಲ್ಲಮ್ಮ, ರೇಟಿಂಗ್ ಉಂಟು.”

ಇನ್ನು ಗುಣಮಟ್ಟ. ದರ ಇಳಿದಷ್ಟೂ ಇದು ಏರುತ್ತದೆ. ಪ್ರವಾಸದ ಕಾರು ಬಾಡಿಗೆಗೆ ಕೊಡುವವರೊಬ್ಬರಿಗೆ ಬೇಕಲ ಕೋಟೆಯ ಬಗ್ಗೆ ಲೇಖನ ಬೇಕಿತ್ತು. ಷರತ್ತು: ‘ಕಾಸರಗೋಡಿನಲ್ಲಿ ಅಗ್ಗದ ಬಾಡಿಗೆ ಕಾರು’ ಎಂಬ ಮಾತು ಹನ್ನೆರಡು ಸಲ ಬರಬೇಕು, ಬಂದದ್ದು ಓದುಗರಿಗೆ ಗೊತ್ತಾಗಬಾರದು. ಯಂತ್ರ ಬರೆದದ್ದಾಗಿರಬಾರದು. ನೂರಕ್ಕೆ ನೂರು ಸ್ವಂತದ್ದಾಗಿರಬೇಕು.

ಯಂತ್ರ ಬರೆದದ್ದೋ ಮನುಷ್ಯ ಬರೆದದ್ದೋ ಎಂದು ಹೇಳಲು ಇನ್ನೊಂದು ಯಂತ್ರವಿದೆ. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದು ಪತ್ತೆಯಂತ್ರ ತಂದು, ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂದೆಗೆದುಕೊಂಡಿತ್ತು. ಹೆತ್ತವರಿಗೇ ಗುರುತು ಸಿಗದ ಕೂಸು ಸಂತೆಯವರಿಗೆ ಸಿಗುತ್ತದೆ. ಹುಡುಗನ ಕಾಗುಣಿತ ಶುದ್ಧವಾಗಿದ್ದದ್ದೇ ಅಪರಾಧವಾಯಿತು: ‘ಯಂತ್ರದ ಬರಹ, ಶೇ. 70’. ಅವನು ಕೂತು ‘ಹಾಗೂ’ ಇದ್ದಲ್ಲೆಲ್ಲ ‘ಆಗು’ ಮಾಡಿದ, ‘ಆದರೆ’ಗಳನ್ನು ‘ಹಾದರೆ’ ಮಾಡಿದ. ಈಗ ಮನುಷ್ಯನೆಂದು ಸಾಬೀತಾಯಿತು. ಕಾಗುಣಿತ ದೋಷಕ್ಕೆ 30 ರೂಪಾಯಿ ಕಡಿತವೂ ಆಯಿತು.

ಉಳಿದದ್ದು ‘ಸ್ವಂತ’. ‘ಬೇಕಲ ಕೋಟೆಯನ್ನು ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ’ ಎಂದು ಬರೆದರೆ ನಕಲು ಹುಡುಕುವ ಯಂತ್ರದಲ್ಲಿ ಆ ಸಾಲು ಕೆಂಪಾಗುತ್ತದೆ. ಕೋಟೆಯ ಬಗ್ಗೆ ಬರೆದವರೆಲ್ಲ ಅದನ್ನೇ ಬರೆದಿದ್ದಾರಲ್ಲ! ‘ಶಿವಪ್ಪ ನಾಯಕನಿಂದ ಕಟ್ಟಿಸಲ್ಪಟ್ಟಿತು’ ಎಂದ; ಕೆಂಪು. ‘ಕೆಳದಿಯ ಆ ಅರಸನ ಕನಸಿನ ಕೂಸು’ ಎಂದ. ಅದೂ ಕೆಂಪು, ಆ ಕನಸನ್ನು ಬೇರೆ ಯಾರೋ ಆಗಲೇ ಕಂಡಾಗಿತ್ತು. ನಿಜ ಒಂದೇ ಇರುವುದರಿಂದ ಅದನ್ನು ಹೇಳಿದವರೆಲ್ಲ ನಕಲುಗಾರರು. ತಿರುಗಿಸಿ ಮಗುಚಿ ಸಾಕಾಗಿ ಹುಡುಗ ಶಿವಪ್ಪ ನಾಯಕನನ್ನು ತೆಗೆದು ಆ ಜಾಗದಲ್ಲಿ ಅಶೋಕ ಚಕ್ರವರ್ತಿಯನ್ನು ಕೂರಿಸಿದ. ಹಸಿರು! ನೂರಕ್ಕೆ ನೂರು ಸ್ವಂತ. ಐದು ನಕ್ಷತ್ರ, ಜತೆಗೆ ‘ಆಳವಾದ ಸಂಶೋಧನೆ’ ಎಂಬ ಷರಾ. ಯಾರು ಕಟ್ಟಿಸಿದರೆಂದು ನೋಡುವ ಕಾಲಂ ಆ ಸಂತೆಯಲ್ಲಿ ಇಲ್ಲವೇ ಇಲ್ಲ. ಇದ್ದರೆ ಪದಕ್ಕೆ 15 ಪೈಸೆಯಲ್ಲಿ ಅದನ್ನು ತುಂಬುವವರು ಯಾರು?

ಕೀರ್ತಿ ಹರಡಿತು. ಹೋಂಸ್ಟೇಯವರೊಬ್ಬರು ಅದೇ ಕೋಟೆಯ ಮೇಲೆ ಇನ್ನೊಂದು ಲೇಖನ ಕೇಳಿದ್ದಾರೆ. ಹುಡುಗ ಅಶೋಕನನ್ನೇ ಹಾಕಿ ನೋಡಿದ. ಈ ಸಲ ಅದೂ ಕೆಂಪು. ಅವನ ಲೇಖನವನ್ನು ಅಷ್ಟರಲ್ಲಿ ನಾಲ್ಕು ಕಡೆ ಎತ್ತಿಕೊಂಡಿದ್ದಾರೆ. ನಾಡಿದ್ದು ಸಂಜೆಯೊಳಗೆ ಅವನಿಗೆ ಬೇರೊಬ್ಬ ರಾಜ ಬೇಕು. ಬೇಕಲದ ಹತ್ತಿರವೂ ಸುಳಿಯದ, ಈವರೆಗೆ ಯಾರೂ ಮುಟ್ಟದ ಅರಸರು ನಿಮ್ಮ ಗಮನದಲ್ಲಿದ್ದರೆ ತಿಳಿಸಿ ಮಾರಾಯ್ರೆ. ಹೆಸರಿನಲ್ಲಿ ಮೂರು ನಾಲ್ಕು ಬಿಡಿ ಪದಗಳಿದ್ದರೆ ಒಳ್ಳೆಯದು.