ಭಟ್ಟಿ ಆರುವ ಹೊತ್ತು

ಅಯ್ಯಂಗಾರ್ ಬೇಕರಿಗೆ ಹೋದವರ ಕಣ್ಣು ಗಾಜಿನ ಕಪಾಟಿನ ಮೇಲಿರುತ್ತದೆ. ಹನಿ ಕೇಕ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಮೂಲೆಯಲ್ಲಿ ರಸ್ಕು. ಹಿಂದುಗಡೆಯ ಭಟ್ಟಿಯನ್ನು ಯಾರೂ ಕೇಳುವುದಿಲ್ಲ. ಆದರೆ ಈ ಕಪಾಟಿನಲ್ಲಿ ಏನೇನಿರಬೇಕೆಂದು ಮೊದಲು ತೀರ್ಮಾನಿಸಿದ್ದು ಆ ಭಟ್ಟಿಯೇ. ಸೌದೆ ಭಟ್ಟಿಗೆ ಒಮ್ಮೆ ಬೆಂಕಿ ಹಾಕಿದರೆ ಇಟ್ಟಿಗೆ ನುಂಗಿದ ಕಾವು ಗಂಟೆಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಆ ಇಳಿಕೆಯಲ್ಲಿ ಯಾವುದು ಯಾವಾಗ ಒಳಗೆ ಹೋಗಬೇಕು ಅನ್ನುವುದೇ ಅಪ್ಪ ಮಗನಿಗೆ ದಾಟಿಸುವ ಆಸ್ತಿ.

ಈ ಆಸ್ತಿಯ ಮೂಲ ಚಿಕ್ಕಪೇಟೆಯಲ್ಲಿದೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಅಲ್ಲಿ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಅದಕ್ಕೂ ಮೊದಲು ಅವರದು ಸಿಹಿತಿಂಡಿ ಅಂಗಡಿ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬ ಬ್ರೆಡ್ ಮಾಡುವುದನ್ನು ಹೇಳಿಕೊಟ್ಟನಂತೆ. ಆಮೇಲೆ ಹಾಸನದ ಹಳ್ಳಿಗಳಿಂದ ನೆಂಟರಿಷ್ಟರು ಒಬ್ಬರ ಹಿಂದೊಬ್ಬರು ಬಂದರು, ಕೆಲಸ ಕಲಿತರು, ತಮ್ಮದೇ ಅಂಗಡಿ ಹಾಕಿದರು. ಊರ ತುಂಬಾ ಒಂದೇ ಹೆಸರಿನ ಬೋರ್ಡು, ಆದರೆ ಯಾರೂ ಯಾರ ಶಾಖೆಯೂ ಅಲ್ಲ. ತಮಾಷೆಯೆಂದರೆ, ಮಡಿ ಮನೆಯಲ್ಲಿ ಈರುಳ್ಳಿಗೆ ಪ್ರವೇಶವಿಲ್ಲ, ಅಂಗಡಿಗೆ ಹೆಸರು ತಂದದ್ದು ಈರುಳ್ಳಿ ಹಾಕಿದ ಖಾರ ಬನ್ನು! ಮೊಟ್ಟೆಯ ವಿಷಯದಲ್ಲಿ ಮಾತ್ರ ರಾಜಿ ಆಗಲಿಲ್ಲ. ಕೇಕಿಗೂ ಮೊಸರು, ಸೋಡಾ. ಸೋಡಾ ಒಂದು ಚಿಟಿಕೆ ಹೆಚ್ಚಾದರೆ ಕೇಕು ಹಳದಿಗಟ್ಟಿ ಸೋಪಿನ ರುಚಿ ಬರುತ್ತದೆ.

ಭಟ್ಟಿಗೆ ಸರ್ವೆ ಅಥವಾ ನೀಲಗಿರಿ ಸೌದೆ, ಚೆನ್ನಾಗಿ ಒಣಗಿದ್ದು. ಉರಿದು ಕೆಂಡವಾದ ಮೇಲೆ ಎಲ್ಲವನ್ನೂ ಹೊರಗೆಳೆದು, ಕೋಲಿಗೆ ಒದ್ದೆ ಗೋಣಿ ಕಟ್ಟಿ ಒಳಗಿನ ನೆಲ ಒರೆಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಅವಸರ ಮಾಡಿದರೆ ನೆಲದ ಕಾವು ಬೇರೆ, ಚಾವಣಿಯ ಕಾವು ಬೇರೆ ಆಗಿ ಬನ್ನಿನ ತಳ ಕಪ್ಪು, ನೆತ್ತಿ ಬಿಳಿ. ಥರ್ಮಾಮೀಟರ್ ಇಲ್ಲದವರು ಒಂದು ಚಿಟಿಕೆ ಮೈದಾ ನೆಲಕ್ಕೆ ಎರಚುತ್ತಾರೆ. ಅದು ತಕ್ಷಣ ಕರಕಲಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದರೆ ಬನ್ನು ಹಾಕಬಹುದು. ಅಂದರೆ ಸುಮಾರು 220 ಡಿಗ್ರಿ.

ಖಾರ ಬನ್ನಿಗೆ ಒಂದು ಕಿಲೋ ಮೈದಾ, 550 ಮಿಲಿ ನೀರು, 18 ಗ್ರಾಂ ಉಪ್ಪು, 50 ಗ್ರಾಂ ಸಕ್ಕರೆ, 10 ಗ್ರಾಂ ಒಣ ಯೀಸ್ಟ್, 80 ಗ್ರಾಂ ಡಾಲ್ಡಾ. ಹಿಟ್ಟು ಎಳೆದರೆ ಹರಿಯದೆ ತೆಳ್ಳಗೆ ಪರದೆಯಾಗುವವರೆಗೆ ನಾದಬೇಕು. 200 ಗ್ರಾಂ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೇರುವುದು ಕೊನೆಯ ಎರಡು ನಿಮಿಷದಲ್ಲಿ. ಮೊದಲೇ ಹಾಕಿದರೆ ಉಪ್ಪು ಈರುಳ್ಳಿಯ ನೀರನ್ನೆಲ್ಲ ಹೊರಗೆಳೆದು ಹಿಟ್ಟು ಸಡಿಲವಾಗುತ್ತದೆ. ಬನ್ನು ಉಬ್ಬುವ ಬದಲು ಟ್ರೇ ತುಂಬಾ ಹರಡಿಕೊಳ್ಳುತ್ತದೆ. ಹಿಟ್ಟು ಸಡಿಲಾಯಿತೆಂದು ಮೇಲೆ ಒಣ ಮೈದಾ ಸುರಿಯುವುದು ಹೊಸಬರ ಚಾಳಿ, ಅದರಿಂದ ಬನ್ನು ಬಿರುಸಾಗುತ್ತದೆ ಅಷ್ಟೆ. ತೊಳೆದ ಕೊತ್ತಂಬರಿಯನ್ನು ಬಟ್ಟೆಯ ಮೇಲೆ ಆರಿಸಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. 60 ಗ್ರಾಮಿನ ಉಂಡೆ ಮಾಡಿದರೆ ಸುಮಾರು 30 ಬನ್ನು. ಏಪ್ರಿಲಿನಲ್ಲಿ ಐಸ್ ನೀರಿನಲ್ಲಿ ಕಲಸಬೇಕು, ಇಲ್ಲದಿದ್ದರೆ ಹಿಟ್ಟು ಅವಸರಕ್ಕೆ ಉಬ್ಬಿ ಹುಳಿ ತಿರುಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಉಗುರುಬೆಚ್ಚಗಿನ ನೀರು.

ಬೇಸಿಗೆಗೆ ಇನ್ನೊಂದು ಕಾಟವಿದೆ. ಬಿಸಿ ಆರುವ ಮೊದಲೇ ಕವರಿಗೆ ಹಾಕಿದ ಬ್ರೆಡ್ಡು ಒಂದೆರಡು ದಿನದಲ್ಲಿ ಒಳಗೆ ಅಂಟಂಟಾಗಿ, ಮುರಿದರೆ ದಾರದಂತೆ ಎಳೆ ಬಂದು, ಕೊಳೆತ ಹಣ್ಣಿನ ವಾಸನೆ ಹೊಡೆಯುತ್ತದೆ. ಬೂಷ್ಟು ಕಾಣುವುದಿಲ್ಲ. ಇದು ಹಿಟ್ಟಿನಲ್ಲೇ ಇರುವ ಬ್ಯಾಕ್ಟೀರಿಯಾದ ಕೆಲಸ. ಅದರ ಬೀಜಾಣು ಭಟ್ಟಿಯ ಕಾವಿಗೂ ಸಾಯುವುದಿಲ್ಲ. ಕಲಸುವಾಗ ಸ್ವಲ್ಪ ವಿನೆಗರ್, ಬಾಣಲೆ, ಮೇಜುಗಳಿಗೂ ವಿನೆಗರ್ ನೀರು, ಪೂರ್ತಿ ಆರಿದ ಮೇಲೆ ಕವರು: ಹಳೆಯ ಬೇಕರಿಯವರು ಮಾಡುವುದು ಇಷ್ಟೇ.

ಬನ್ನು ಹೊರಬಂದ ಮೇಲೆ ಬ್ರೆಡ್ಡು, ಕಾವು 170ರ ಆಸುಪಾಸಿಗೆ ಇಳಿದಾಗ ಕೇಕು, ಅದರ ಹಿಂದೆ ಬೆಣ್ಣೆ ಬಿಸ್ಕತ್ತು. ಕಟ್ಟಕಡೆಗೆ ರಸ್ಕು. ನಿನ್ನೆ ಉಳಿದ ಬ್ರೆಡ್ಡನ್ನು ಬೆರಳು ದಪ್ಪ ಕತ್ತರಿಸಿ ಟ್ರೇಯಲ್ಲಿ ಹರಡಿ, ಆರುತ್ತಿರುವ ಭಟ್ಟಿಯೊಳಗೆ ರಾತ್ರಿಯಿಡೀ ಬಿಡುವುದು. ಕಾವು ಹೆಚ್ಚಿದ್ದರೆ ಹೊರಗೆ ಕೆಂಪಗಾಗಿ ಒಳಗೆ ತೇವ ಉಳಿಯುತ್ತದೆ, ಮರುದಿನ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಮಾರಾಟವಾಗದ ಬ್ರೆಡ್ಡು, ಪುಕ್ಕಟೆ ಕಾವು. ಅಂಗಡಿಯ ನಿಜವಾದ ಲಾಭ ಇಲ್ಲಿತ್ತು.

ಕರೆಂಟಿನ ಓವನ್ ಬಂದ ಮೇಲೆ ಈ ಸರದಿಗೆ ಕೆಲಸವಿಲ್ಲ. ಗುಂಡಿ ತಿರುಗಿಸಿದರೆ ಬೇಕಾದ ಹೊತ್ತಿಗೆ ಬೇಕಾದ ಕಾವು, ಹೊಗೆಯಿಲ್ಲ, ಅಕ್ಕಪಕ್ಕದವರ ದೂರಿಲ್ಲ. ಬನ್ನಿಗೆ ಅದರಿಂದ ನಷ್ಟವೇನೂ ಆಗಿಲ್ಲ, ಟ್ರೇಯಲ್ಲಿರುವ ಅಷ್ಟೂ ಬನ್ನಿಗೆ ಒಂದೇ ಬಣ್ಣ ಬರುತ್ತದೆ. ರಸ್ಕಿನ ಲೆಕ್ಕ ಮಾತ್ರ ತಪ್ಪಿತು. ರಾತ್ರಿಯಿಡೀ ಒಣಗಿಸಲು ಈಗ ಮೀಟರ್ ಓಡುತ್ತದೆ. ಅದಕ್ಕೇ ಕೆಲವು ಅಂಗಡಿಯವರು ರಸ್ಕನ್ನು ಹೊರಗಿನಿಂದ ತರಿಸಿ ತಮ್ಮ ಹೆಸರಿನ ಕವರಿಗೆ ತುಂಬುತ್ತಾರೆ.