ಡೇಟನ್ನಿನ ಡಿ ಟೀಮು

ಶಿವಮೊಗ್ಗದಿಂದ ಭಾವ ಬಂದಿದ್ದರು. ಅಮೆರಿಕಕ್ಕೆ ಬಂದು ಬೇಸ್‌ಬಾಲ್ ನೋಡದೆ ಹೋದರೆ ಊರಲ್ಲಿ ಏನು ಹೇಳೋದು ಅಂತ ಅವರೇ ಕೇಳಿದರು. ನಾನಿರುವುದು ಓಹಾಯೋ ರಾಜ್ಯದ ಡೇಟನ್ನಿನಲ್ಲಿ. ಇಲ್ಲಿನ ತಂಡ ಡೇಟನ್ ಡ್ರ್ಯಾಗನ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದೆ. ಮಂಗಳವಾರ ಸಂಜೆ. ಸೀಟಿನಲ್ಲಿ ಕೂತು ಸುತ್ತ ಒಮ್ಮೆ ಕಣ್ಣಾಡಿಸಿದರು. ಎಲ್ಲಿ ನೋಡಿದರೂ ಜನ.

"ಯಾವ ಸ್ಟಾರ್ ಆಡ್ತಿದಾನೆ ಇವತ್ತು?"

ಯಾರೂ ಇಲ್ಲ ಅಂದೆ.

"ಹಂಗಾದ್ರೆ ಇದು ಬಿ ಟೀಮಾ?"

"ಬಿ ಅಲ್ಲ ಭಾವ. ಲೆಕ್ಕ ಹಾಕಿದ್ರೆ ಡಿ ಟೀಮು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಸ್ವಲ್ಪ ಚುಚ್ಚಿತು.

ಲೆಕ್ಕವೇನೋ ಸರಿಯೇ. ಎಲ್ಲಕ್ಕಿಂತ ಮೇಲೆ ಸಿನ್ಸಿನಾಟಿ ರೆಡ್ಸ್, ಟಿವಿಯಲ್ಲಿ ಬರುವ ಮೇಜರ್ ಲೀಗ್ ತಂಡ. ಇಲ್ಲಿಂದ ಕಾರಲ್ಲಿ ಒಂದು ಗಂಟೆ. ಅದರ ಕೆಳಗೆ ಲೂಯಿವಿಲ್, ಅದರ ಕೆಳಗೆ ಚಟನೂಗ, ಅದಕ್ಕೂ ಕೆಳಗೆ ನಮ್ಮ ಡೇಟನ್. ಇಲ್ಲಿ ಆಡುವವರಲ್ಲಿ ಹೆಚ್ಚಿನವರು ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಅವರಿಗೆ ಸಂಬಳ ಕೊಡುವುದು ರೆಡ್ಸ್. ಯಾರನ್ನು ಯಾವಾಗ ಮೇಲಿನ ತಂಡಕ್ಕೆ ಕಳಿಸಬೇಕು ಅಂತ ತೀರ್ಮಾನ ಮಾಡುವುದೂ ರೆಡ್ಸ್. ಚೆನ್ನಾಗಿ ಆಡಿದವನು ಸೀಸನ್ ಮಧ್ಯದಲ್ಲೇ ಹೊರಟುಬಿಡುತ್ತಾನೆ. ಆಡದವನು ಇಲ್ಲೇ ಉಳಿಯುತ್ತಾನೆ, ಇಲ್ಲವೇ ಮನೆ ದಾರಿ ಹಿಡಿಯುತ್ತಾನೆ. ಇಂಥ ತಂಡ ಕಪ್ ಗೆಲ್ಲುವುದು ಹೇಗೆ? ಡ್ರ್ಯಾಗನ್ಸ್ 2000ದಿಂದ ಆಡುತ್ತಿದೆ. ಲೀಗ್ ಕಪ್ ಒಮ್ಮೆಯೂ ಬಂದಿಲ್ಲ.

ಆದರೆ ಆ 2000ದ ಮೊದಲ ಪಂದ್ಯದಿಂದ ಇಲ್ಲಿಯವರೆಗೆ ಊರಲ್ಲಿ ನಡೆದ ಒಂದು ಪಂದ್ಯದ ಟಿಕೆಟ್ಟೂ ಮಾರಾಟವಾಗದೆ ಉಳಿದಿಲ್ಲ. ಪೋರ್ಟ್‌ಲ್ಯಾಂಡ್‌ನ ಬ್ಯಾಸ್ಕೆಟ್‌ಬಾಲ್ ತಂಡ ಸತತ 814 ಪಂದ್ಯಗಳ ಟಿಕೆಟ್ ಪೂರ್ತಿ ಮಾರಿದ ದಾಖಲೆ ಇತ್ತು. ಅದು ಎನ್‌ಬಿಎ, ಅಮೆರಿಕದ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ದೊಡ್ಡವರ ಆಟ. 2011ರ ಜುಲೈನಲ್ಲಿ ಈ ಡಿ ಟೀಮು 815ನೇ ಪಂದ್ಯಕ್ಕೆ ಅದನ್ನು ಮುರಿಯಿತು. ಈಗ ಲೆಕ್ಕ 1,500 ದಾಟಿ ಎಷ್ಟೋ ಆಯಿತು.

ಊರೇನು ಭಾರಿ ಶ್ರೀಮಂತರ ಊರಲ್ಲ. ರೈಟ್ ಸಹೋದರರ ಊರು ಅನ್ನುವ ಹಳೆಯ ಹೆಮ್ಮೆ ಒಂದಿದೆ. 2008ರ ಡಿಸೆಂಬರಿನಲ್ಲಿ ಪಕ್ಕದ ಮೊರೇನಿನ ಜನರಲ್ ಮೋಟಾರ್ಸ್ ಕಾರ್ಖಾನೆ ಮುಚ್ಚಿತು. ಮರುವರ್ಷ ಕ್ಯಾಶ್ ರಿಜಿಸ್ಟರ್, ಎಟಿಎಂ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿ ಜಾರ್ಜಿಯಾಕ್ಕೆ ಹೊರಡುತ್ತೇನೆ ಅಂತ ಘೋಷಿಸಿತು. ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲೇ ಇದ್ದ ಕಂಪನಿ ಅದು. ಆ ಎರಡು ವರ್ಷವೂ ಸ್ಟೇಡಿಯಂ ಟಿಕೆಟ್ ಮಾತ್ರ ಖರ್ಚಾಗುತ್ತಲೇ ಇತ್ತು.

ನನ್ನ ಪಕ್ಕದ ಸೀಟು ಒಬ್ಬ ಅಜ್ಜಿಯದು. ಅವರ ಯಜಮಾನರು ಎನ್‌ಸಿಆರ್‌ನಲ್ಲಿದ್ದವರು. ಅಜ್ಜಿ ಬ್ಯಾಗಿನಿಂದ ದಾರ ಕಟ್ಟಿದ ಪೆನ್ಸಿಲ್ ತೆಗೆಯುತ್ತಾರೆ, ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಳ್ಳುತ್ತಾರೆ. ಬ್ಯಾಟ್ ಮಾಡಲು ಬರುವ ಪ್ರತಿಯೊಬ್ಬನಿಗೂ ಒಂದು ಸಣ್ಣ ಚೌಕ. ಹೊಡೆಯಬೇಕಾದ ಚೆಂಡು ಕೈತಪ್ಪಿದರೆ ಅದು ಸ್ಟ್ರೈಕ್, ಮೂರಾದರೆ ಔಟು. ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸಿ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬೀಸದೆ ಸುಮ್ನೆ ನೋಡುತ್ತ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ತಿರುಗಿಸಿದ ಕೆ ಬರೆಯುವಾಗ ಅವರ ತುಟಿ ಸಣ್ಣಗೆ ಬಿಗಿಯುತ್ತದೆ. ಹುಡುಗ ಪ್ರಯತ್ನವೇ ಮಾಡಲಿಲ್ಲವಲ್ಲ ಅಂತ. ಪುಟದ ಅಂಚಿನಲ್ಲಿ ಹೆಸರುಗಳ ಪಟ್ಟಿ ಇರುತ್ತದೆ. ಬಡ್ತಿ ಸಿಕ್ಕಿ ಹೋದವನ ಹೆಸರಿನ ಮುಂದೆ ಒಂದು ಮೇಲ್ಮುಖ ಬಾಣ.

ಬೇಸ್‌ಬಾಲಿನ ಗಂಧಗಾಳಿ ಇಲ್ಲದ ನನಗೆ ಈ ಆಟದ ಖುಷಿ ಸಿಕ್ಕಿದ್ದು ಆ ಬಾಣಗಳಿಂದ. 2022ರಲ್ಲಿ ಎಲಿ ಡೆ ಲಾ ಕ್ರೂಜ್ ಅನ್ನುವ ಆರಡಿ ಐದಿಂಚಿನ ಡೊಮಿನಿಕನ್ ಹುಡುಗ ಇಲ್ಲಿ ಆಡುತ್ತಿದ್ದ. ಓಡಲು ಶುರು ಮಾಡಿದರೆ ಎದುರಾಳಿಗಳು ಚೆಂಡು ಎಸೆಯುವುದನ್ನೇ ಮರೆತು ನಿಲ್ಲುತ್ತಿದ್ದರು. ಜುಲೈಯಲ್ಲಿ ಅವನನ್ನು ಚಟನೂಗಕ್ಕೆ ಕಳಿಸಿದರು. ನನಗೆ ಬೇಜಾರು, ಇನ್ನು ನಮ್ಮ ಕಥೆ ಮುಗೀತು ಅಂತ. ಅಜ್ಜಿಗೆ ಮೊಮ್ಮಗನಿಗೆ ಕೆಲಸ ಸಿಕ್ಕಷ್ಟು ಸಂಭ್ರಮ. 2023ರ ಜೂನಿನಲ್ಲಿ ಅವನು ರೆಡ್ಸ್ ಪರ ಮೈದಾನಕ್ಕಿಳಿದಾಗ ಡೇಟನ್ನಿನವರೆಲ್ಲ "ನಾವು ಆಗಲೇ ನೋಡಿದ್ವಿ" ಅನ್ನುವವರೇ. 2010ರಲ್ಲಿ ನ್ಯಾಷನಲ್ ಲೀಗಿನ, ಅಂದರೆ ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದರ, ಶ್ರೇಷ್ಠ ಆಟಗಾರನಾದ ಜೋಯಿ ವಾಟೊ ಕೂಡ ಹಿಂದೆ ಇದೇ ಹುಲ್ಲಿನ ಮೇಲೆ ಓಡಾಡಿದವನು. ಇನ್ನು ಎಲ್ಲೂ ಹೋಗದ ಹುಡುಗರಂತೂ ರಾಶಿ ರಾಶಿ. ಅವರ ಹೆಸರೂ ಅಜ್ಜಿಗೆ ಗೊತ್ತು, ಅವರು ಯಾವ ಊರಿನವರು ಅಂತಲೂ ಗೊತ್ತು.

ಈಗ ನಮ್ಮ ಕಡೆ ನೋಡಿ. 2025ರ ಅಕ್ಟೋಬರಿನಲ್ಲಿ ಶಿವಮೊಗ್ಗದ ನವುಲೆ ಸ್ಟೇಡಿಯಮ್ಮಿನಲ್ಲಿ ಕರ್ನಾಟಕ-ಗೋವಾ ರಣಜಿ ಪಂದ್ಯ ನಡೆಯಿತು. ಕರುಣ್ ನಾಯರ್ ಔಟಾಗದೆ 174 ಹೊಡೆದರು. ಟೆಸ್ಟಿನಲ್ಲಿ ಮುನ್ನೂರು ಬಾರಿಸಿದ ಮನುಷ್ಯ ನಮ್ಮೂರಲ್ಲಿ, ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಬ್ಯಾಟ್ ಮಾಡುತ್ತಿದ್ದಾರೆ. ಇಲ್ಲಿ ಕೂತು ನನ್ನ ಹೊಟ್ಟೆ ಉರಿಯುತ್ತಿತ್ತು. ಗೆಳೆಯನಿಗೆ ಫೋನ್ ಮಾಡಿ ಹೋಗಿದ್ಯೇನೋ ಅಂತ ಕೇಳಿದೆ. "ಇಲ್ಲ ಮಾರಾಯ, ರಣಜಿ ಯಾರು ನೋಡ್ತಾರೆ? ತೆಂಡೂಲ್ಕರ್ ಮಗ ಬಂದಿದ್ನಂತೆ, ಫೋಟೋ ನೋಡ್ದೆ" ಅಂದ.

ಇದೇ ನೋಡಿ ನನ್ನ ತಕರಾರು. ನಮಗೆ ಆಟ ಬೇಡ, ಹೆಸರು ಬೇಕು. ಹುಡುಗ ಇಂಡಿಯಾ ಕ್ಯಾಪ್ ಹಾಕಿಕೊಂಡ ಮೇಲೆ "ನಮ್ಮ ಹುಡುಗ" ಆಗುತ್ತಾನೆ. ಅದಕ್ಕೂ ಮುಂಚೆ ಹತ್ತು ವರ್ಷ ಖಾಲಿ ಮೈದಾನದಲ್ಲಿ ಬೆವರು ಸುರಿಸುವಾಗ ಅವನು ಯಾರ ಹುಡುಗ?

ಆರ್‌ಸಿಬಿ ಕಪ್ಪಿಗೆ ನಾವು 18 ಸೀಸನ್ ಕಾದಿಲ್ವಾ ಅಂತ ನೀವು ಕೇಳಬಹುದು. ಕಾದಿದ್ದೇವೆ, ನಾನೂ ಕಾದಿದ್ದೇನೆ. ಆದರೆ ಕಣದಲ್ಲಿ ಕೊಹ್ಲಿ ಇದ್ದರು, ಗೇಲ್ ಇದ್ದರು, ಎಬಿಡಿ ಇದ್ದರು. ಅವರಿಗಾಗಿ ಕಾಯುವುದು ಅಂಥ ದೊಡ್ಡ ತಪಸ್ಸೇನಲ್ಲ.

ಇಲ್ಲಿಯದೆಲ್ಲ ಚಿನ್ನ ಅಂತಲೂ ಅಲ್ಲ. ಮೊದಲನೆಯದಾಗಿ ನಮ್ಮ ಬಾಯಿಗೆ ರುಚಿಸುವಂಥದ್ದೇನೂ ತಿನ್ನಲು ಸಿಗುವುದಿಲ್ಲ. ಜೇಬಲ್ಲಿ ಕಾಂಗ್ರೆಸ್ ಕಡ್ಲೆಬೀಜ ಅಡಗಿಸಿಕೊಂಡು ಹೋಗುತ್ತೇನೆ, ಅಜ್ಜಿಗೂ ರುಚಿ ಹತ್ತಿದೆ. ಟಿಕೆಟ್ ಪೂರ್ತಿ ಮಾರಾಟವಾದರೂ ಏಪ್ರಿಲಿನ ಚಳಿಗೆ ಎಷ್ಟೋ ಸೀಟು ಖಾಲಿ ಇರುತ್ತವೆ. ಇನ್ನು ಸಂಬಳದ ವಿಷಯ ಹೇಳಲು ನಾಚಿಕೆ. 2022ರವರೆಗೆ ಈ ದರ್ಜೆಯ ಹುಡುಗನಿಗೆ ವರ್ಷಕ್ಕೆ ಸಿಗುತ್ತಿದ್ದುದು ಸುಮಾರು 11,000 ಡಾಲರ್. ಇಲ್ಲಿ ಅದರಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ. ಆಟಗಾರರು ಯೂನಿಯನ್ ಸೇರಿದ ಮೇಲೆ, 2023ರಲ್ಲಿ, ಅದು 27,300 ಆಯಿತು. ನಾವೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದಾಗ ಆ ಹುಡುಗರು ಒಂದೇ ರೂಮಿನಲ್ಲಿ ನಾಲ್ಕೈದು ಜನ ಮಲಗುತ್ತಿದ್ದರು. ಅಷ್ಟೇ ಅಲ್ಲ, 2021ಕ್ಕೆ ಮೇಜರ್ ಲೀಗಿನವರು ಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದರು. ನಲವತ್ತು ಊರಿನ ಅಜ್ಜಿಯರನ್ನು ಯಾರೂ ಕೇಳಲಿಲ್ಲ.

ಶಿವಮೊಗ್ಗದವರನ್ನು ಬೈದದ್ದೂ ಸ್ವಲ್ಪ ಜಾಸ್ತಿಯಾಯಿತೇನೋ. ರಣಜಿ ಪಂದ್ಯ ಶುರುವಾಗುವುದು ಬೆಳಿಗ್ಗೆ ಒಂಬತ್ತೂವರೆಗೆ. ಅಂಗಡಿ, ಆಫೀಸು ಬಿಟ್ಟು ನಾಲ್ಕು ದಿನ ಯಾರು ಕೂರುತ್ತಾರೆ? ಇಲ್ಲಿ ಆಟ ಶುರುವಾಗುವುದು ಕೆಲಸ ಮುಗಿಸಿ, ಮಕ್ಕಳನ್ನು ಕರೆದುಕೊಂಡು ಹೊರಡುವ ಹೊತ್ತಿಗೆ. ಬೇಸಿಗೆಯಿಡೀ ಅರವತ್ತಕ್ಕೂ ಹೆಚ್ಚು ಪಂದ್ಯ ಊರಲ್ಲೇ. ನಮ್ಮಲ್ಲಿ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಅಂತ ತಂಡವಿದೆ. 2022ರಿಂದ 2025ರವರೆಗೆ ಆ ಟೂರ್ನಿ ನಡೆದದ್ದು ಬೆಂಗಳೂರು, ಮೈಸೂರಲ್ಲಿ. ಹೆಸರು ಊರಿನದು, ಆಟ ಪರಸ್ಥಳದಲ್ಲಿ. ಅಂಥ ತಂಡದ ಮೇಲೆ ಪ್ರೀತಿ ಹುಟ್ಟು ಅಂದರೆ ಎಲ್ಲಿಂದ ಹುಟ್ಟೀತು?

ಹುಟ್ಟುವ ಕಡೆ ಹುಟ್ಟಿಯೇ ಇದೆ. ಕೊಡಗಿನ ಹಾಕಿ ಹಬ್ಬ 1997ರಲ್ಲಿ 60 ಕುಟುಂಬಗಳ ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360 ತಂಡ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ. ಸ್ಟಾರ್ ಯಾರು ಅಂತ ಕೇಳುವವರಿಲ್ಲ, ಗ್ಯಾಲರಿ ತುಂಬ ಜನ.

ಶಿವಮೊಗ್ಗದಲ್ಲೂ ಒಂದು ಸಲ ಪ್ರಯೋಗ ಮಾಡಿ ನೋಡಲಿ. ನವುಲೆಯಲ್ಲಿ, ಸಂಜೆ ಹೊತ್ತು, ಐವತ್ತು ರೂಪಾಯಿ ಟಿಕೆಟ್ಟು, ಊರಿನ ಹೆಸರಿನ ತಂಡ ಊರಲ್ಲೇ. ಜನ ಬಂದರೆ ನಾನು ಗೆದ್ದೆ. ಬರದಿದ್ದರೆ, ಮಳೆ ಜಾಸ್ತಿ ಇತ್ತು ಅಂತ ಹೇಳುತ್ತೇನೆ.