ಕುರ್ಚಿ ಇದ್ದರೆ ಶುರು ಮಾಡಬಹುದು

ಸಮಕಾಲೀನ ನೃತ್ಯದ ಕೃತಿಗಳನ್ನು ಕಲಿಸುವುದು ಬೆಂಗಳೂರಿನ ಶಾಲೆಗಳಿಗೆ ಸರಿ, ನಮ್ಮ ಕಡೆ ಆಗದ ಮಾತು ಅಂತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುವ ನಾನು ಇದನ್ನು ಒಪ್ಪುವುದಿಲ್ಲ.

ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ದ ಕೀರ್ಸ್‌ಮೇಕರ್ 1983ರಲ್ಲಿ ಮಾಡಿದ 'ರೋಸಾಸ್ ಡಾನ್ಸ್ಟ್ ರೋಸಾಸ್' ಅನ್ನೋ ನೃತ್ಯ ಕೃತಿ ತಗೊಳ್ಳಿ. ಅದರಲ್ಲಿ ಕುರ್ಚಿ ಮೇಲೆ ಕೂತು ಮಾಡುವ ಭಾಗವನ್ನು ಯಾರು ಬೇಕಾದರೂ ಕಲಿತು ತಮ್ಮದೇ ರೂಪ ಕೊಡಲಿ ಅಂತ 2013ರಲ್ಲಿ ಅವರ ತಂಡವೇ ಪಾಠದ ವಿಡಿಯೋಗಳನ್ನು ನೆಟ್‌ಗೆ ಹಾಕಿತು. ಕುರ್ಚಿ ಇಲ್ಲದ ಶಾಲೆ ಯಾವುದಿದೆ ಹೇಳಿ? (ಪ್ಲಾಸ್ಟಿಕ್‌ದು ಮಾತ್ರ ಬೇಡ, ಜಾರುತ್ತದೆ. ಸ್ಟಾಫ್ ರೂಮಿನ ಕಬ್ಬಿಣದ್ದು ತರಿಸಿ.)

ಚಲನೆಗಳೂ ದಿನಾ ಮಾಡುವಂಥವೇ. ತಟ್ಟನೆ ತಲೆ ತಿರುಗಿಸುವುದು, ಕೂದಲಲ್ಲಿ ಕೈಯಾಡಿಸುವುದು, ಮುಂದಕ್ಕೆ ಬಾಗುವುದು. ಕಷ್ಟ ಇರುವುದು ತಾಳದ ಎಣಿಕೆಯಲ್ಲಿ. ಸಿನಿಮಾ ಹಾಡಿಗೆ ಕುಣಿದ ಮಕ್ಕಳು ಸಾಹಿತ್ಯ ಹಿಡಿದು ಸ್ಟೆಪ್ ಹಾಕುತ್ತಾರೆ, ಇಲ್ಲಿ ಸಾಹಿತ್ಯವೇ ಇಲ್ಲ. ಪಕ್ಕದವಳನ್ನು ಓರೆಗಣ್ಣಲ್ಲಿ ನೋಡುತ್ತಾ ಒಂದು ಎಣಿಕೆ ಹಿಂದೆ ಬೀಳುತ್ತಾರೆ. ಆಗ ನಾನು ಮ್ಯೂಸಿಕ್ ನಿಲ್ಲಿಸಿ, ಬರೀ ಉಸಿರಿನ ಸದ್ದಿಗೆ ಮಾಡಿಸುತ್ತೇನೆ. ಓರೆನೋಟ ತಾನಾಗೇ ಕಡಿಮೆಯಾಗುತ್ತದೆ.

ಮೂಲದಲ್ಲಿ ಭುಜದ ಬಟ್ಟೆ ಜಾರಿಸುವ ಚಲನೆಯೊಂದಿದೆ. ಶಾಲೆಗೆ ಅದು ಬೇಡ. ನಮ್ಮ ಹುಡುಗಿಯರು ಆ ಜಾಗಕ್ಕೆ ಜಡೆ ಹಿಂದಕ್ಕೆ ಎಸೆಯುವುದನ್ನು ಹಾಕಿಕೊಂಡರು, ಚೆನ್ನಾಗೇ ಕೂತಿತು.

ಲೇಖಕರ ಒಂದು ಮಾತು ಮಾತ್ರ ನಿಜ. ವಾರ್ಷಿಕೋತ್ಸವದಲ್ಲಿ ಅಪ್ಪ-ಅಮ್ಮಂದಿರು "ಹಾಡೆಲ್ಲಿ ಮೇಡಂ?" ಅಂತ ಕೇಳೇ ಕೇಳುತ್ತಾರೆ. ಅದಕ್ಕೇ ಈ ಸಲ ಕುಣಿಯುವ ಮೊದಲು ಇದೇನು ಅಂತ ಮಕ್ಕಳಿಂದಲೇ ಮೈಕ್‌ನಲ್ಲಿ ಎರಡು ಮಾತು ಹೇಳಿಸಬೇಕು ಅಂತಿದ್ದೇನೆ.